ಕರಗುವ ಬಿಂದುವನ್ನು ನಿರ್ಧರಿಸುವುದು ಕಣಗಳ ಬಿಗಿತವೊಂದೇ ಏನು?

ಪ್ರಶ್ನೆ: ಹರಳುನೋಟ

ಎಲ್ಲರಿಗೂ ನಮಸ್ಕಾರ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಬೋಧಿಸುತ್ತೇನೆ. ಘನವಸ್ತುಗಳು ಕರಗುವ ತಾಪದ ಪಾಠ ಬಂದಾಗಲೆಲ್ಲ ನಾನು ಹೇಳಿಕೊಂಡು ಬಂದದ್ದು ಇಷ್ಟೇ: ಕಣಗಳ ನಡುವಿನ ಆಕರ್ಷಣೆ ಬಲವಾಗಿದ್ದಷ್ಟೂ ಅವನ್ನು ಸಡಿಲಗೊಳಿಸಲು ಹೆಚ್ಚು ಉಷ್ಣ ಬೇಕಾಗುತ್ತದೆ, ಹಾಗಾಗಿ ಕರಗುವ ಬಿಂದುವೂ ಮೇಲೇರುತ್ತದೆ. ಸೋಡಿಯಂ ಕ್ಲೋರೈಡ್ 801 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದೇ ಬಗೆಯ ಜೋಡಣೆಯುಳ್ಳ ಮೆಗ್ನೀಸಿಯಂ ಆಕ್ಸೈಡ್‌ನಲ್ಲಿ ಅಯಾನುಗಳ ಮೇಲಿನ ವಿದ್ಯುದಂಶ ಇಮ್ಮಡಿಯಾಗಿರುವುದರಿಂದ ಅದು 2,800 ಡಿಗ್ರಿ ದಾಟಿದ ಮೇಲಷ್ಟೇ ಕರಗುತ್ತದೆ. ಈ ಉದಾಹರಣೆ ಕೊಟ್ಟರೆ ತರಗತಿ ಒಪ್ಪಿಕೊಳ್ಳುತ್ತದೆ, ನನಗೂ ಸಮಾಧಾನವಾಗುತ್ತದೆ.

ಆದರೆ ಕಳೆದ ವಾರ ವಿದ್ಯಾರ್ಥಿನಿಯೊಬ್ಬಳು ಒಂದು ಪಟ್ಟಿಯನ್ನು ಹಿಡಿದುಕೊಂಡು ಬಂದು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಪೆಂಟೇನ್ ಮತ್ತು ನಿಯೋಪೆಂಟೇನ್ ಎರಡರಲ್ಲೂ ಐದು ಕಾರ್ಬನ್ ಮತ್ತು ಹನ್ನೆರಡು ಹೈಡ್ರೋಜನ್ ಪರಮಾಣುಗಳಿವೆ. ನೀಳವಾದ ಪೆಂಟೇನ್ 36 ಡಿಗ್ರಿಯಲ್ಲಿ ಕುದಿಯುತ್ತದೆ, ಗುಂಡಗಿನ ನಿಯೋಪೆಂಟೇನ್ 9.5 ಡಿಗ್ರಿಗೇ ಕುದಿದುಬಿಡುತ್ತದೆ. ಅಂದರೆ ಅಣುಗಳು ಒಂದನ್ನೊಂದು ಹೆಚ್ಚು ಬಿಗಿಯಾಗಿ ಹಿಡಿದಿರುವುದು ಪೆಂಟೇನ್‌ನಲ್ಲಿ. ಹಾಗಿದ್ದ ಮೇಲೆ ಪೆಂಟೇನ್ ಮೈನಸ್ 130 ಡಿಗ್ರಿಯ ಸುಮಾರಿಗೆ ಕರಗಿದರೆ, ನಿಯೋಪೆಂಟೇನ್ ಮೈನಸ್ 16.6 ಡಿಗ್ರಿಯವರೆಗೂ ಘನವಾಗಿಯೇ ಉಳಿಯುವುದು ಹೇಗೆ? ನೂರಕ್ಕೂ ಹೆಚ್ಚು ಡಿಗ್ರಿಗಳ ಅಂತರ, ಅದೂ ತಿರುವುಮುರುವಾಗಿ! ನನ್ನ ವಿವರಣೆಯನ್ನು ಸ್ವಲ್ಪ ತಿದ್ದಿದರೆ ಸಾಕೋ, ಬುಡದಿಂದಲೇ ಬದಲಿಸಬೇಕೋ ತಿಳಿಯುತ್ತಿಲ್ಲ.

ಎರಡನೆಯದು ಪ್ರಯೋಗಾಲಯದ ತೊಂದರೆ. ಬಿಸಿನೀರಿನಲ್ಲಿ ಕರಗಿಸಿ, ಮತ್ತೆ ಹರಳುಗಟ್ಟಿಸಿ ಶುದ್ಧಗೊಳಿಸಿದ ಬೆಂಜೋಯಿಕ್ ಆಮ್ಲದ ಕರಗುವ ಬಿಂದುವನ್ನು ಕ್ಯಾಪಿಲರಿ ಟ್ಯೂಬಿನಲ್ಲಿ, ಅಂದರೆ ಬಹಳ ಸಪೂರವಾದ ಗಾಜಿನ ಕೊಳವೆಯಲ್ಲಿ, ನೋಡಿದೆ. ಪುಸ್ತಕದಲ್ಲಿರುವುದು 122 ಡಿಗ್ರಿ. ನನಗೆ 116ರಲ್ಲಿ ಕರಗಲು ಶುರುವಾಗಿ 120ರಲ್ಲಿ ಮುಗಿಯಿತು. ಹರಳುಗಳು ಸೂಜಿಯಂತೆ ಬೆಳ್ಳಗೆ ಹೊಳೆಯುತ್ತಿದ್ದವು, ಕಣ್ಣಿಗೆ ಯಾವ ಕೊಳೆಯೂ ಕಾಣಲಿಲ್ಲ. ಶೋಧಿಸಿದ ಮೇಲೆ ಫಿಲ್ಟರ್ ಕಾಗದದ ನಡುವೆ ಒತ್ತಿ, ಒಂದು ಗಂಟೆ ಗಾಳಿಗೆ ಬಿಟ್ಟಿದ್ದೆ. ನಾನು ತಪ್ಪಿದ್ದೆಲ್ಲಿ? ಈ ಎರಡು ಪ್ರಶ್ನೆಗಳ ನಡುವೆ ಏನಾದರೂ ನಂಟಿದೆಯೇ ಎಂಬುದನ್ನೂ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಉಷ್ಣಗತಿ

ನಿಮ್ಮ ವಿದ್ಯಾರ್ಥಿನಿ ಆರಿಸಿಕೊಂಡ ಜೋಡಿ ಬಹಳ ಒಳ್ಳೆಯದು. ಅವಳ ಪ್ರಶ್ನೆಗೆ ನ್ಯಾಯ ಸಿಗಬೇಕಾದರೆ ವಿವರಣೆಯನ್ನು ಬುಡದಿಂದಲೇ ಬದಲಿಸುವುದು ಒಳಿತು ಎಂದು ನನ್ನ ಅಭಿಪ್ರಾಯ.

ಕರಗುವುದೆಂದರೆ ಕಣಗಳನ್ನು ಒಂದರಿಂದೊಂದು ಬಿಡಿಸಿ ದೂರ ಕಳಿಸುವುದಲ್ಲ. ಅದು ಕುದಿಯುವಾಗ ನಡೆಯುವ ಕೆಲಸ. ಮಂಜುಗಡ್ಡೆಯ ಒಂದು ಗ್ರಾಂ ಕರಗಲು 334 ಜೂಲ್ ಸಾಕು, ಅದೇ ಒಂದು ಗ್ರಾಂ ನೀರು 100 ಡಿಗ್ರಿಯಲ್ಲಿ ಆವಿಯಾಗಲು ಸುಮಾರು 2,257 ಜೂಲ್ ಬೇಕು. ಅಲ್ಯೂಮಿನಿಯಂನಲ್ಲಿ ಈ ಅಂತರ ಇನ್ನೂ ದೊಡ್ಡದು: ಒಂದು ಮೋಲ್ (ಕಣಗಳನ್ನು ಎಣಿಸಲು ರಸಾಯನಶಾಸ್ತ್ರದಲ್ಲಿ ಬಳಸುವ ನಿಗದಿತ ಅಳತೆ) ಕರಗಲು 10.7 ಕಿಲೋಜೂಲ್, ಆವಿಯಾಗಲು 280 ಕಿಲೋಜೂಲ್‌ಗೂ ಹೆಚ್ಚು. ಕರಗಿದ ಲೋಹದಲ್ಲಿ ಪರಮಾಣುಗಳು ಹೆಚ್ಚುಕಡಿಮೆ ಮೊದಲಿನಷ್ಟೇ ಹತ್ತಿರದಲ್ಲಿ, ಮೊದಲಿನಷ್ಟೇ ಬಲವಾಗಿ ಅಂಟಿಕೊಂಡಿರುತ್ತವೆ. ಕಳೆದುಹೋಗುವುದು ಸಾಲು, ಅಚ್ಚುಕಟ್ಟು, ಇಂಥವರಿಗೆ ಇಂಥದೇ ಜಾಗ ಎಂಬ ಕಟ್ಟುಪಾಡು. ಆದ್ದರಿಂದ ಆಕರ್ಷಣೆ ಒಟ್ಟಾರೆ ಎಷ್ಟು ಬಲವಾಗಿದೆ ಎಂಬುದನ್ನು ಕುದಿಯುವ ಬಿಂದು ಸಾಕಷ್ಟು ಪ್ರಾಮಾಣಿಕವಾಗಿ ಹೇಳುತ್ತದೆ. ಕರಗುವ ಬಿಂದು ಹೇಳುವುದು ಬೇರೆಯದೇ ಸಂಗತಿಯನ್ನು, ಅಂದರೆ ಯಾವ ತಾಪದಲ್ಲಿ ಘನ ಮತ್ತು ದ್ರವ ಎರಡೂ ಸ್ಥಿತಿಗಳು ಸರಿಸಮವಾಗಿ ನಿಲ್ಲುತ್ತವೆ ಎಂಬುದನ್ನು.

ಈ ಸರಿಸಮವನ್ನು ತೂಗುವ ತಕ್ಕಡಿಗೆ ಎರಡು ತಟ್ಟೆಗಳಿವೆ. ಒಂದರಲ್ಲಿ ಕರಗಲು ಬೇಕಾದ ಶಕ್ತಿ, ಅಂದರೆ ನಾವು ಗುಪ್ತೋಷ್ಣ ಎಂದು ಕರೆಯುವ ಎಂಥಾಲ್ಪಿಯ ಏರಿಕೆ. ಇನ್ನೊಂದರಲ್ಲಿ ಕರಗುವುದರಿಂದ ಕಣಗಳಿಗೆ ದೊರೆಯುವ ಸ್ವಾತಂತ್ರ್ಯ, ಅಂದರೆ ಎಂಟ್ರೊಪಿಯ ಏರಿಕೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ದೊರೆಯುವುದೇ ಕೆಲ್ವಿನ್‌ನಲ್ಲಿ ಕರಗುವ ಬಿಂದು. ಮಂಜುಗಡ್ಡೆಯ ಒಂದು ಮೋಲ್‌ಗೆ ಗುಪ್ತೋಷ್ಣ 6,010 ಜೂಲ್, ಎಂಟ್ರೊಪಿಯ ಏರಿಕೆ ಪ್ರತಿ ಕೆಲ್ವಿನ್‌ಗೆ 22 ಜೂಲ್. ಭಾಗಿಸಿ ನೋಡಿ, 273 ಬರುತ್ತದೆ. ಅಂದರೆ ಭಾಜ್ಯ ದೊಡ್ಡದಾದರೂ ಕರಗುವ ಬಿಂದು ಏರಬಹುದು, ಭಾಜಕ ಚಿಕ್ಕದಾದರೂ ಏರಬಹುದು. ನಾವೆಲ್ಲರೂ ತರಗತಿಯಲ್ಲಿ ಭಾಜ್ಯದ ಬಗ್ಗೆ ಮಾತ್ರ ಹೇಳಿ ಭಾಜಕವನ್ನು ಮರೆಯುತ್ತೇವೆ. ತೊಂದರೆ ಇರುವುದು ಅಲ್ಲಿಯೇ.

ಈಗ ನಿಮ್ಮ ಜೋಡಿಗೆ ಬರೋಣ. ಒಂದು ಮೋಲ್ ಪೆಂಟೇನ್ ಕರಗಲು ಸುಮಾರು 8.4 ಕಿಲೋಜೂಲ್ ಬೇಕು, ನಿಯೋಪೆಂಟೇನ್‌ಗೆ ಸುಮಾರು 3.2 ಕಿಲೋಜೂಲ್ ಸಾಕು. ಹೌದು, ಹೆಚ್ಚಿನ ತಾಪದಲ್ಲಿ ಕರಗುವ ವಸ್ತುವಿಗೇ ಕಡಿಮೆ ಉಷ್ಣ ಬೇಕು! ಎಂಟ್ರೊಪಿಯ ಲೆಕ್ಕ ನೋಡಿದರೆ ಗುಟ್ಟು ಬಯಲಾಗುತ್ತದೆ: ಪೆಂಟೇನ್ ಕರಗಿದಾಗ ಅದರ ಎಂಟ್ರೊಪಿ ಪ್ರತಿ ಕೆಲ್ವಿನ್‌ಗೆ 58 ಜೂಲ್‌ಗೂ ಹೆಚ್ಚು ಏರುತ್ತದೆ, ನಿಯೋಪೆಂಟೇನ್‌ನಲ್ಲಿ ಏರುವುದು 12ರಿಂದ 13 ಜೂಲ್ ಮಾತ್ರ. ಪೆಂಟೇನ್ ಅಣು ಸ್ಫಟಿಕದಲ್ಲಿ ನೆಟ್ಟಗೆ ಚಾಚಿಕೊಂಡು, ಒಂದೇ ದಿಕ್ಕಿಗೆ ಮುಖ ಮಾಡಿ, ಅಲುಗಾಡಲು ಆಸ್ಪದವಿಲ್ಲದೆ ಮಲಗಿರುತ್ತದೆ. ಕರಗಿದೊಡನೆ ಅದು ಉರುಳಬಹುದು, ಸರಿದಾಡಬಹುದು, ತನ್ನ ಬೆನ್ನನ್ನೇ ಬಗೆಬಗೆಯಾಗಿ ಬಗ್ಗಿಸಬಹುದು. ಅಷ್ಟೊಂದು ಸ್ವಾತಂತ್ರ್ಯ ಕಾದಿರುವಾಗ ಅದು ಬಹಳ ತಣ್ಣಗಿರುವಾಗಲೇ ಕರಗಿಬಿಡುವುದು ಸಹಜ. ಗುಂಡಗಿನ ನಿಯೋಪೆಂಟೇನ್ ಅಣುವಾದರೋ ಘನಸ್ಥಿತಿಯಲ್ಲಿರುವಾಗಲೇ ತನ್ನ ಜಾಗದಲ್ಲಿ ಬೇಕಾದಂತೆ ತಿರುಗುತ್ತಿರುತ್ತದೆ. ಸುಮಾರು 140 ಕೆಲ್ವಿನ್‌ನಲ್ಲಿ ಅದರ ಸ್ಫಟಿಕ ಒಂದು ಬಗೆಯಿಂದ ಇನ್ನೊಂದು ಬಗೆಗೆ ಬದಲಾಗುತ್ತದೆ, ತಿರುಗುವ ಸ್ವಾತಂತ್ರ್ಯ ಅಲ್ಲಿಯೇ ದೊರೆತುಬಿಡುತ್ತದೆ. ಕರಗುವುದರಿಂದ ಅದಕ್ಕೆ ಹೊಸದಾಗಿ ಸಿಗಬೇಕಾದದ್ದು ಸ್ವಲ್ಪವೇ ಉಳಿದಿರುವುದರಿಂದ, ಘನವಾಗಿರುವುದನ್ನು ಬಿಟ್ಟುಕೊಡಲು ಅವಸರವಿಲ್ಲ.

ಅಣುವಿನ ಸಮ್ಮಿತಿಗೂ ಕರಗುವ ಬಿಂದುವಿಗೂ ಇರುವ ಈ ನಂಟನ್ನು ಥಾಮಸ್ ಕಾರ್ನೆಲಿ ಎಂಬ ರಸಾಯನವಿಜ್ಞಾನಿ 1882ರಲ್ಲಿಯೇ ಗುರುತಿಸಿದ್ದರು. ಡೈಕ್ಲೋರೋಬೆಂಜೀನ್‌ನ ಮೂರು ರೂಪಗಳಲ್ಲಿ ಆರ್ಥೋ ಮೈನಸ್ 17ರಲ್ಲಿ, ಮೆಟಾ ಮೈನಸ್ 25ರಲ್ಲಿ ಕರಗಿದರೆ, ಎರಡೂ ಕಡೆ ಸಮನಾಗಿರುವ ಪ್ಯಾರಾ 53 ಡಿಗ್ರಿಯವರೆಗೂ ಗಟ್ಟಿಯಾಗಿರುತ್ತದೆ. ಬೆಂಜೀನ್ 5.5 ಡಿಗ್ರಿಯಲ್ಲಿ ಕರಗುತ್ತದೆ. ಅದಕ್ಕೆ ಒಂದು ಮೀಥೈಲ್ ಗುಂಪು ಸೇರಿಸಿ ಭಾರ ಹೆಚ್ಚಿಸಿದರೆ ಬರುವ ಟಾಲ್ವಿನ್ ಮೈನಸ್ 95ರಲ್ಲಿಯೇ ಕರಗುತ್ತದೆ. ಬೀಗದೊಳಗೆ ಕೀಲಿ ಕೂರುವುದು ಒಂದೇ ರೀತಿಯಲ್ಲಿ, ಗೋಲಿ ಗುಳಿಯೊಳಗೆ ಹೇಗೆ ಬಿದ್ದರೂ ಕೂರುತ್ತದೆ. ದ್ರವದಲ್ಲಿ ಅಡ್ಡಾದಿಡ್ಡಿ ತಿರುಗುತ್ತಿರುವ ಅಣುವೊಂದು ಸ್ಫಟಿಕದ ಜಾಗಕ್ಕೆ ಸರಿಯಾಗಿ ಹೊಂದಿಕೊಳ್ಳುವ ಸಾಧ್ಯತೆಯೂ ಹಾಗೆಯೇ. ವಿದ್ಯಾರ್ಥಿಗಳಿಗೆ ಎಂಟ್ರೊಪಿ ಎಂಬ ಪದ ಇನ್ನೂ ಹೊಸತಾಗಿದ್ದರೆ ಈ ಹೋಲಿಕೆಯಿಂದ ಶುರುಮಾಡಬಹುದು.

ಅಚ್ಚುಕಟ್ಟಾಗಿ ಜೋಡಿಕೊಳ್ಳುವ ಆಕಾರವೂ ಅಷ್ಟೇ ಮುಖ್ಯ. ಹದಿನೆಂಟು ಕಾರ್ಬನ್‌ಗಳ ಸ್ಟಿಯರಿಕ್ ಆಮ್ಲದ ನೇರ ಸರಪಳಿಗಳು ಒತ್ತೊತ್ತಾಗಿ ನಿಂತು 69 ಡಿಗ್ರಿಯವರೆಗೆ ಘನವಾಗಿರುತ್ತವೆ. ಅದೇ ಉದ್ದದ ಓಲಿಯಿಕ್ ಆಮ್ಲದ ನಡುವೆ ದ್ವಿಬಂಧದಿಂದಾಗಿ ಒಂದು ಸೊಟ್ಟವಿದೆ, ಅದು 13 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ದ್ವಿಬಂಧವನ್ನು ಹಾಗೆಯೇ ಉಳಿಸಿಕೊಂಡು ಸೊಟ್ಟವನ್ನು ಮಾತ್ರ ನೇರಗೊಳಿಸಿದರೆ ಬರುವ ಇಲೈಡಿಕ್ ಆಮ್ಲ ಸುಮಾರು 45 ಡಿಗ್ರಿಯಲ್ಲಿ ಕರಗುತ್ತದೆ.

ಇನ್ನೊಂದು ಮಾತು. ಪರಮಾಣುಗಳ ಕಂಪನದ ವಿಸ್ತಾರ ಅವುಗಳ ನಡುವಿನ ಅಂತರದ ಹತ್ತನೇ ಒಂದು ಭಾಗದಷ್ಟಾದಾಗ ಸ್ಫಟಿಕ ಕುಸಿಯುತ್ತದೆ ಎಂಬ ಲಿಂಡೆಮನ್ ನಿಯಮವನ್ನು ಕೆಲವು ಪುಸ್ತಕಗಳು ಕರಗುವಿಕೆಯ ಕಾರಣವೆಂದೇ ಕೊಡುತ್ತವೆ. 1910ರ ಆ ವಿಚಾರ ಸರಳ ಲೋಹಗಳ ಅಂದಾಜಿಗೆ ನಿಜಕ್ಕೂ ಉಪಯುಕ್ತ. ಆದರೆ ಅದು ಘನವನ್ನು ಮಾತ್ರ ನೋಡುತ್ತದೆ, ಎದುರಿಗಿರುವ ದ್ರವದ ಕಡೆಗೆ ತಿರುಗುವುದೇ ಇಲ್ಲ. ಕರಗುವ ಬಿಂದು ಇಬ್ಬರ ನಡುವಿನ ಒಪ್ಪಂದವಾಗಿರುವಾಗ ಒಬ್ಬರ ಮಾತನ್ನಷ್ಟೇ ಕೇಳಿ ತೀರ್ಮಾನಿಸುವುದು ಸರಿಯಲ್ಲ. ನಿಯೋಪೆಂಟೇನ್ ಆ ನಿಯಮಕ್ಕೆ ಸಿಗುವುದಿಲ್ಲ.

ಉತ್ತರ: ಒರೆಗಲ್ಲು

ಉಷ್ಣಗತಿಯವರ ವಿವರಣೆಗೆ ನಾನು ಸೇರಿಸುವಂಥದ್ದೇನಿಲ್ಲ. ನಿಮ್ಮ ಬೆಂಜೋಯಿಕ್ ಆಮ್ಲದ ಬಗ್ಗೆ ಹೇಳುತ್ತೇನೆ. ಸಾವಯವ ವಸ್ತುಗಳ ಶುದ್ಧತೆಯನ್ನು ಪರೀಕ್ಷಿಸುವುದೇ ನನ್ನ ದಿನನಿತ್ಯದ ಕೆಲಸ.

ನಿಮ್ಮ ಮಾದರಿಯಲ್ಲಿರುವ ಕಶ್ಮಲ ಬಹುಮಟ್ಟಿಗೆ ನೀರೇ. ಸೂಜಿಯಂಥ ಹರಳುಗಳ ಗೊಂಚಲಿನೊಳಗೆ ನೀರು ಸಿಕ್ಕಿಕೊಂಡಿರುತ್ತದೆ, ಫಿಲ್ಟರ್ ಕಾಗದದಿಂದ ಒತ್ತಿದರೆ ಮೇಲಿನದು ಮಾತ್ರ ಹೋಗುತ್ತದೆ. ಒಂದು ಗಂಟೆಯ ಗಾಳಿ ಸಾಲದು. ತೆಳುವಾಗಿ ಹರಡಿ ಒಂದು ರಾತ್ರಿ ಬಿಡಿ, ಅನುಕೂಲವಿದ್ದರೆ ತೇವ ಹೀರಿಕೊಳ್ಳುವ ಮುಚ್ಚಿದ ಪಾತ್ರೆಯಾದ ಡೆಸಿಕೇಟರ್‌ನಲ್ಲಿಡಿ. ಬೇಗ ಒಣಗಲೆಂದು ಓವನ್‌ನಲ್ಲಿ ಜೋರು ಬಿಸಿಗೆ ಇಡಬೇಡಿ. ಬೆಂಜೋಯಿಕ್ ಆಮ್ಲಕ್ಕೆ ಕರಗುವ ಮೊದಲೇ ಆವಿಯಾಗಿ ಹಾರಿಹೋಗುವ ಗುಣವಿದೆ.

ಇಲ್ಲಿಯೇ ನಿಮ್ಮ ಎರಡು ಪ್ರಶ್ನೆಗಳು ಕೂಡುತ್ತವೆ. ಕಶ್ಮಲ ದ್ರವದಲ್ಲಿ ಬೆರೆಯುತ್ತದೆ, ಸ್ಫಟಿಕದೊಳಗೆ ಸಾಮಾನ್ಯವಾಗಿ ಜಾಗ ಪಡೆಯುವುದಿಲ್ಲ. ಬೆರಕೆಯಿಂದ ದ್ರವದ ಎಂಟ್ರೊಪಿ ಹೆಚ್ಚುತ್ತದೆ, ಘನದ್ದು ಇದ್ದ ಹಾಗೇ ಇರುತ್ತದೆ. ತಕ್ಕಡಿಯ ದ್ರವದ ಕಡೆ ತೂಕ ಬಿದ್ದಂತಾಗಿ, ಇನ್ನೂ ಕಡಿಮೆ ತಾಪದಲ್ಲಿಯೇ ಕರಗುವಿಕೆ ಶುರುವಾಗುತ್ತದೆ. ಮೊದಲು ಕರಗಿದ ತುಸು ದ್ರವದಲ್ಲಿ ಕಶ್ಮಲವೆಲ್ಲ ಸೇರಿಕೊಂಡಿರುವುದರಿಂದ ಅದು ಗಾಢವಾಗಿರುತ್ತದೆ, ಕರಗುತ್ತಾ ಹೋದಂತೆ ತೆಳುವಾಗುತ್ತದೆ, ತೆಳುವಾದಂತೆ ಉಳಿದದ್ದು ಕರಗಲು ಬೇಕಾದ ತಾಪವೂ ಏರುತ್ತದೆ. ನಿಮಗೆ 116ರಿಂದ 120ರವರೆಗೆ ಎಳೆದುಕೊಂಡು ಹೋದದ್ದು ಇದೇ. ಕೆಳಗಿಳಿಯುವುದು ಮತ್ತು ಹಿಗ್ಗುವುದು, ಎರಡೂ ಒಟ್ಟಿಗೆ ಕಂಡರೆ ಮಾದರಿ ಶುದ್ಧವಾಗಿಲ್ಲವೆಂದು ಧೈರ್ಯವಾಗಿ ಹೇಳಬಹುದು. ಚೆನ್ನಾಗಿ ಶುದ್ಧವಾದ ವಸ್ತು ಒಂದು ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಕರಗಿ ಮುಗಿಯುತ್ತದೆ.

ನೋಡುವ ಕ್ರಮದಲ್ಲಿಯೂ ಎಚ್ಚರ ಬೇಕು. ಪುಡಿ ನಯವಾಗಿರಬೇಕು; ಟ್ಯೂಬಿನ ತಳದಲ್ಲಿ ಎರಡು ಮೂರು ಮಿಲಿಮೀಟರ್ ಎತ್ತರಕ್ಕೆ ಮಾತ್ರ ತುಂಬಿ, ಮೇಜಿನ ಮೇಲೆ ಮೆಲ್ಲಗೆ ತಟ್ಟಿ ತಟ್ಟಿ ಗಟ್ಟಿಯಾಗಿ ಕೂರಿಸಬೇಕು. ಮೊದಲ ಬಾರಿ ಬೇಗಬೇಗನೆ ಬಿಸಿಮಾಡಿ ಸುಮಾರು ಎಲ್ಲಿ ಕರಗುತ್ತದೆ ಎಂದು ತಿಳಿದುಕೊಳ್ಳಿ. ಎರಡನೇ ಬಾರಿ ಹೊಸ ಟ್ಯೂಬು, ಹೊಸ ಪುಡಿ. ನಿರೀಕ್ಷಿತ ಬಿಂದುವಿಗೆ ಹತ್ತು ಡಿಗ್ರಿ ಇರುವಾಗಿನಿಂದ ನಿಮಿಷಕ್ಕೆ ಒಂದು ಅಥವಾ ಎರಡು ಡಿಗ್ರಿಗಿಂತ ವೇಗವಾಗಿ ಏರಿಸಬಾರದು. ಆತುರಪಟ್ಟರೆ ಥರ್ಮಾಮೀಟರ್ ಮತ್ತು ಪುಡಿ ಒಂದೇ ತಾಪದಲ್ಲಿರುವುದಿಲ್ಲ, ಓದಿಕೆ ತಪ್ಪುತ್ತದೆ, ವ್ಯಾಪ್ತಿಯೂ ಸುಳ್ಳಾಗಿ ಹಿಗ್ಗುತ್ತದೆ.

ಭೂತಗನ್ನಡಿಯಿಂದ ನೋಡುತ್ತಿದ್ದರೆ ಕರಗುವುದಕ್ಕೆ ಮೊದಲೇ ಪುಡಿ ಗೋಡೆಯನ್ನು ಬಿಟ್ಟು ಒಳಕ್ಕೆ ಮುದುಡಿಕೊಳ್ಳುವುದು ಕಾಣುತ್ತದೆ. ಆಮೇಲೆ ಅದು ಬೆವರಿದಂತೆ ಮಬ್ಬಾಗಿ ಮಿನುಗುತ್ತದೆ. ಇವೆರಡೂ ಕರಗುವಿಕೆಯಲ್ಲ, ಬರೆದುಕೊಳ್ಳಿ, ಆದರೆ ಓದಿಕೆಯೆಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಸ್ಪಷ್ಟವಾದ ಮೊದಲ ಹನಿ ಕಂಡಾಗ ಒಂದು ಓದಿಕೆ, ಕೊನೆಯ ಹರಳು ದ್ರವದೊಳಗೆ ಮಾಯವಾಗಿ ತಿಳಿಯಾದಾಗ ಇನ್ನೊಂದು ಓದಿಕೆ. ಎರಡನ್ನೂ ಬರೆಯಬೇಕು, ಎರಡರ ಸರಾಸರಿಯನ್ನು ಮಾತ್ರ ಬರೆಯುವ ಅಭ್ಯಾಸ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ, ಏಕೆಂದರೆ ಮಾದರಿಯ ಗುಣವನ್ನು ಹೇಳುವುದೇ ಆ ಅಂತರ. ಒಮ್ಮೆ ಕರಗಿ ಗಟ್ಟಿಯಾದ ಪುಡಿಯನ್ನು ಮತ್ತೆ ಬಳಸಬಾರದು. ಅದು ಬಿಸಿಗೆ ವಿಘಟನೆಗೊಂಡಿರಬಹುದು, ಅಥವಾ ಬೇರೆ ಬಗೆಯ ಸ್ಫಟಿಕವಾಗಿ ಗಟ್ಟಿಯಾಗಿರಬಹುದು.

ಒಣಗಿಸಿದ ಮೇಲೂ ಅನುಮಾನ ಉಳಿದರೆ ಮಿಶ್ರ ಕರಗುವ ಬಿಂದುವನ್ನು ನೋಡಿ. ಯೂರಿಯಾ ಮತ್ತು ಸಿನ್ನಮಿಕ್ ಆಮ್ಲ ಎರಡೂ 133 ಡಿಗ್ರಿಯ ಹತ್ತಿರ ಕರಗುತ್ತವೆ. ಬರಿಯ ಸಂಖ್ಯೆಯಿಂದ ಇದು ಯಾವುದೆಂದು ಹೇಳಲಾಗದು. ಆದರೆ ಎರಡನ್ನೂ ಸಮನಾಗಿ ಅರೆದು ಬೆರೆಸಿದರೆ ಬೆರಕೆ ಅದಕ್ಕಿಂತ ಬಹಳ ಕೆಳಗೇ ಕರಗಲು ಶುರುವಾಗುತ್ತದೆ. ಅಂತೆಯೇ, ನಿಮ್ಮ ಹರಳನ್ನು ಖಚಿತವಾಗಿ ಶುದ್ಧವೆಂದು ಗೊತ್ತಿರುವ ಬೆಂಜೋಯಿಕ್ ಆಮ್ಲದೊಂದಿಗೆ ಬೆರೆಸಿ ನೋಡಿ. ಕರಗುವ ಬಿಂದು ಇಳಿಯದಿದ್ದರೆ ಎರಡೂ ಒಂದೇ ವಸ್ತು.

ಮರುಪ್ರಶ್ನೆ: ಹರಳುನೋಟ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಭಾಜಕದ ಮಾತು ನನ್ನ ಕಣ್ಣು ತೆರೆಸಿತು. ಹರಳುಗಳನ್ನು ಇಂದು ಸಂಜೆಯೇ ಹರಡಿಟ್ಟಿದ್ದೇನೆ.

ಇದೇ ನೆಪದಲ್ಲಿ ಇನ್ನೆರಡು ಕೇಳುತ್ತೇನೆ. ಎತ್ತರದ ಪ್ರದೇಶದಲ್ಲಿ ನೀರು ಬೇಗ ಕುದಿಯುವಂತೆ, ಒತ್ತಡಕ್ಕೆ ತಕ್ಕಂತೆ ಕರಗುವ ಬಿಂದುವೂ ಬದಲಾಗುತ್ತದೆಯೇ? ಬದಲಾಗುವುದಾದರೆ ಪುಸ್ತಕಗಳಲ್ಲಿ ಅದನ್ನು ಯಾರೂ ಏಕೆ ಹೇಳುವುದಿಲ್ಲ? ಎರಡನೆಯದಾಗಿ, ನೀರನ್ನು ಸೊನ್ನೆಗಿಂತ ಕೆಳಕ್ಕೆ ತಣಿಸಿಯೂ ಹೆಪ್ಪುಗಟ್ಟದಂತೆ ಇಡಬಹುದೆಂದು ಓದಿದ್ದೇನೆ. ಹಾಗಾದರೆ ಮಂಜುಗಡ್ಡೆಯನ್ನು ಸೊನ್ನೆಗಿಂತ ಮೇಲಕ್ಕೆ ಬಿಸಿಮಾಡಿಯೂ ಕರಗದಂತೆ ಇಡಬಹುದೇ?

ಉತ್ತರ: ಕುಲುಮೆ

ನಾನು ಲೋಹ ಕರಗಿಸುವ ಕಡೆಯವನು, ಹಾಗಾಗಿ ಉದಾಹರಣೆಗಳೂ ಬಹುಮಟ್ಟಿಗೆ ಲೋಹಗಳವೇ.

ಒತ್ತಡದಿಂದ ಕರಗುವ ಬಿಂದು ಖಂಡಿತ ಬದಲಾಗುತ್ತದೆ, ಆದರೆ ಅತ್ಯಲ್ಪ. ಆವಿಯಾಗುವಾಗ ಗಾತ್ರ ಸಾವಿರಾರು ಪಟ್ಟು ಹಿಗ್ಗುವುದರಿಂದ ಕುದಿಯುವ ಬಿಂದುವಿಗೆ ಒತ್ತಡ ದೊಡ್ಡ ಸಂಗತಿ. ಕರಗುವಾಗ ಗಾತ್ರ ಬದಲಾಗುವುದು ಶೇಕಡಾ ಕೆಲವೇ ಪಾಲು. ಹೆಚ್ಚಿನ ವಸ್ತುಗಳು ಕರಗಿದಾಗ ಹಿಗ್ಗುತ್ತವೆ, ಒತ್ತಡ ಹೇರಿದರೆ ಅವುಗಳ ಕರಗುವ ಬಿಂದು ಏರುತ್ತದೆ. ಮಂಜುಗಡ್ಡೆ, ಬಿಸ್ಮತ್, ಗ್ಯಾಲಿಯಂ, ಸಿಲಿಕಾನ್‌ಗಳು ಕರಗಿದಾಗ ಕುಗ್ಗುತ್ತವೆ, ಅವುಗಳ ಬಿಂದು ಇಳಿಯುತ್ತದೆ. ಮಂಜುಗಡ್ಡೆಯ ವಿಚಾರವನ್ನು 1849ರಲ್ಲಿ ಜೇಮ್ಸ್ ಥಾಮ್ಸನ್ ಲೆಕ್ಕ ಹಾಕಿ ಮುಂದಾಗಿಯೇ ಹೇಳಿದರು, ಮರುವರ್ಷ ಅವರ ತಮ್ಮ ವಿಲಿಯಂ, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವರು, ಪ್ರಯೋಗದಿಂದ ತೋರಿಸಿದರು. ಒಂದು ವಾಯುಮಂಡಲದ ಒತ್ತಡಕ್ಕೆ ಇಳಿಯುವುದು 0.0075 ಡಿಗ್ರಿಯಷ್ಟು ಮಾತ್ರ. ಬೆಟ್ಟದ ಮೇಲೆ ಹೋದರೂ ನಿಮ್ಮ ಥರ್ಮಾಮೀಟರ್‌ಗೆ ಅದು ಗೊತ್ತೇ ಆಗುವುದಿಲ್ಲ. ಪುಸ್ತಕಗಳು ಸುಮ್ಮನಿರುವುದು ಇದಕ್ಕೇ.

ಮಂಜಿನ ಮೇಲೆ ಸ್ಕೇಟ್ ಮಾಡುವವರ ಭಾರದ ಒತ್ತಡದಿಂದ ಮಂಜು ಕರಗಿ ಜಾರುತ್ತದೆ ಎಂಬ ಮಾತು ಇನ್ನೂ ಪಾಠಗಳಲ್ಲಿ ಉಳಿದುಕೊಂಡಿದೆ. ದಯವಿಟ್ಟು ಅದನ್ನು ಲೆಕ್ಕ ಹಾಕಿ ನೋಡಿ. ಅರವತ್ತು ಕಿಲೋ ತೂಕದವರು ಆರು ಚದರ ಸೆಂಟಿಮೀಟರ್ ಅಲಗಿನ ಮೇಲೆ ನಿಂತರೆ ಒತ್ತಡ ಸುಮಾರು ಹತ್ತು ವಾಯುಮಂಡಲ, ಕರಗುವ ಬಿಂದು ಇಳಿಯುವುದು ಒಂದು ಡಿಗ್ರಿಯ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಮೈನಸ್ ಹತ್ತರ ಮಂಜಿನ ಮೇಲೂ ಜಾರುತ್ತಾರಲ್ಲ, ಅದಕ್ಕೆ ಈ ಕಾರಣ ಸಾಲುವುದಿಲ್ಲ. ಉಜ್ಜುವಿಕೆಯ ಬಿಸಿ ಮತ್ತು ಮಂಜಿನ ಮೇಲ್ಮೈಯಲ್ಲಿ ಸಹಜವಾಗಿಯೇ ಇರುವ ಸಡಿಲವಾದ ಪದರ, ಇವೇ ಅಲ್ಲಿ ಮುಖ್ಯ.

ಒತ್ತಡ ನಿಜಕ್ಕೂ ದೊಡ್ಡದಾದಾಗ ಮಾತ್ರ ಚಿತ್ರವೇ ಬದಲಾಗುತ್ತದೆ. ನಮ್ಮ ನಡುವೆ 1,538 ಡಿಗ್ರಿಯಲ್ಲಿ ಕರಗುವ ಕಬ್ಬಿಣ, ಭೂಮಿಯ ಒಳತಿರುಳಿನಲ್ಲಿ 5,000 ಡಿಗ್ರಿಯ ಆಸುಪಾಸಿನ ತಾಪದಲ್ಲಿಯೂ ಘನವಾಗಿಯೇ ಇದೆ; ಅಲ್ಲಿನ ಒತ್ತಡ ಮೂವತ್ತು ಲಕ್ಷ ವಾಯುಮಂಡಲಗಳಿಗಿಂತ ಹೆಚ್ಚು. ಹೀಲಿಯಂ ಇನ್ನೊಂದು ತುದಿಯದು, ಸುಮಾರು 25 ವಾಯುಮಂಡಲ ಒತ್ತಡವಿಲ್ಲದಿದ್ದರೆ ಅದನ್ನು ಎಷ್ಟೇ ತಣಿಸಿದರೂ ಘನವಾಗುವುದಿಲ್ಲ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಇದು ನನಗೆ ಬಹಳ ಅಚ್ಚುಮೆಚ್ಚಿನದು. ದ್ರವ ಹೆಪ್ಪುಗಟ್ಟಬೇಕಾದರೆ ಮೊದಲು ಒಂದು ಪುಟ್ಟ ಬೀಜ ಹರಳು ಹುಟ್ಟಬೇಕು, ಹುಟ್ಟುವುದಕ್ಕೆ ಮೇಲ್ಮೈಯ ಖರ್ಚನ್ನು ಭರಿಸಬೇಕು. ಬೀಜ ಸಿಗದಿದ್ದರೆ ದ್ರವ ಕಾಯುತ್ತಲೇ ಇರುತ್ತದೆ. ಶುದ್ಧ ನೀರಿನ ಸಣ್ಣ ಹನಿಗಳು ಮೈನಸ್ 35 ಡಿಗ್ರಿಗೂ ಕೆಳಗೆ ದ್ರವವಾಗಿಯೇ ಇರಬಲ್ಲವು. 29.76 ಡಿಗ್ರಿಯಲ್ಲಿ ಕರಗುವ ಗ್ಯಾಲಿಯಂ, ಅಂಗೈಯಲ್ಲಿಟ್ಟರೆ ನೋಡುನೋಡುತ್ತಿದ್ದಂತೆ ಅಂಚುಗಳು ಮೆತ್ತಗಾಗಿ ಬೆಳ್ಳಿಯ ಬಣ್ಣದ ಹನಿಯಾಗುತ್ತದೆ. ಅದನ್ನು ಸೀಸೆಗೆ ಹಾಕಿ ಅದಕ್ಕಿಂತ ಎಷ್ಟೋ ತಣ್ಣಗಿನ ಕೋಣೆಯಲ್ಲಿಟ್ಟರೂ ದಿನಗಟ್ಟಲೆ ದ್ರವವಾಗಿಯೇ ಉಳಿಯಬಹುದು. ಘನ ಗ್ಯಾಲಿಯಂನ ಒಂದು ಚೂರು ಮುಟ್ಟಿಸಿದರೆ ಆ ಜಾಗದಿಂದಲೇ ಹರಳು ಮೂಡುತ್ತಾ ಹೋಗುತ್ತದೆ. ಅಂದ ಹಾಗೆ ಈ ಲೋಹ ಕುದಿಯಬೇಕಾದರೆ 2,000 ಡಿಗ್ರಿ ದಾಟಬೇಕು. ಬಿಗಿತವೇ ಬೇರೆ, ಕರಗುವ ಬಿಂದುವೇ ಬೇರೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಲೋಹವಿಲ್ಲ.

ಆದರೆ ಘನವನ್ನು ಹಾಗೆ ಕರಗುವ ಬಿಂದುವಿನಿಂದ ಮೇಲೆ ಹಿಡಿದಿಡುವುದು ಬಹಳ ಕಷ್ಟ. ಕಾರಣ, ಕರಗಲು ಬೇಕಾದ ಆರಂಭ ಅದರ ಮೈಮೇಲೆಯೇ ಇದೆ. ಮೇಲ್ಮೈಯ ಕಣಗಳಿಗೆ ಒಂದು ಕಡೆ ನೆರೆಯವರೇ ಇಲ್ಲದಿರುವುದರಿಂದ ಅವು ಕರಗುವ ಬಿಂದುವಿಗೆ ಮೊದಲೇ ಸಡಿಲಗೊಂಡಿರುತ್ತವೆ. ಮಂಜುಗಡ್ಡೆಯ ಎರಡು ತುಂಡುಗಳು ಒಂದಕ್ಕೊಂದು ತಾಗಿದಾಗ ಅಂಟಿಕೊಳ್ಳುವುದನ್ನು ನೋಡಿ, ಮೇಲ್ಮೈಯಲ್ಲಿ ದ್ರವದಂಥ ಪದರವಿರಬೇಕೆಂದು ಮೈಕೆಲ್ ಫ್ಯಾರಡೆ 1850ರಲ್ಲಿಯೇ ಹೇಳಿದ್ದರು. ಮೇಲ್ಮೈಯನ್ನು ಮುಚ್ಚಿಬಿಟ್ಟರೆ ಆಟ ಬದಲಾಗುತ್ತದೆ: ಬೆಳ್ಳಿಯ ಹರಳುಗಳಿಗೆ ಇನ್ನೂ ಹೆಚ್ಚಿನ ತಾಪದಲ್ಲಿ ಕರಗುವ ಚಿನ್ನದ ಕವಚ ತೊಡಿಸಿ, 961.78 ಡಿಗ್ರಿಯ ಕರಗುವ ಬಿಂದುವನ್ನು ದಾಟಿ ಇಪ್ಪತ್ತು ಡಿಗ್ರಿಗೂ ಮೇಲೆ ಸ್ವಲ್ಪ ಹೊತ್ತು ಕರಗದಂತೆ ಹಿಡಿದಿಟ್ಟ ಪ್ರಯೋಗ 1986ರಲ್ಲಿ ನಡೆದಿದೆ. ಇದೇ ಕಾರಣಕ್ಕೆ, ಮೈಯೆಲ್ಲ ಮೇಲ್ಮೈಯೇ ಆಗಿರುವ ಎರಡು ಮೂರು ನ್ಯಾನೋಮೀಟರ್‌ನ ಚಿನ್ನದ ಕಣಗಳು 1,064 ಡಿಗ್ರಿಗಿಂತ ನೂರಾರು ಡಿಗ್ರಿ ಕೆಳಗೇ ಕರಗುತ್ತವೆ.

ಕೊನೆಯದಾಗಿ ಒರೆಗಲ್ಲು ಅವರ ಮಾತಿಗೆ ಒಂದು ತಿದ್ದುಪಡಿ. ಕಶ್ಮಲ ಸೇರಿದರೆ ಕರಗುವ ಬಿಂದು ಇಳಿಯುತ್ತದೆ ಎಂಬುದು ಘನದೊಳಗೆ ಕಶ್ಮಲಕ್ಕೆ ಜಾಗವಿಲ್ಲದಿದ್ದಾಗ ನಿಜ. ತಾಮ್ರಕ್ಕೆ ನಿಕಲ್ ಬೆರೆಸಿ ನೋಡಿ, ಎರಡೂ ಒಂದೇ ಸ್ಫಟಿಕದಲ್ಲಿ ಹೊಂದಿಕೊಳ್ಳುವುದರಿಂದ ಕರಗುವ ತಾಪ 1,085ರಿಂದ ಮೇಲಕ್ಕೇ ಏರುತ್ತದೆ. ಹಾಗೆಯೇ ಚೂಪಾಗಿ ಒಂದೇ ತಾಪದಲ್ಲಿ ಕರಗಿದ್ದೆಲ್ಲ ಶುದ್ಧವೆಂದು ನಂಬಲಾಗದು. 232ರಲ್ಲಿ ಕರಗುವ ತವರ 63 ಪಾಲು, 327ರಲ್ಲಿ ಕರಗುವ ಸೀಸ 37 ಪಾಲು ಬೆರೆಸಿದ ಬೆಸುಗೆಯ ಮಿಶ್ರಲೋಹ, ಎರಡಕ್ಕಿಂತಲೂ ಕೆಳಗೆ, 183 ಡಿಗ್ರಿಯಲ್ಲಿ, ಶುದ್ಧ ವಸ್ತುವಿನಂತೆ ಒಮ್ಮೆಗೇ ಕರಗುತ್ತದೆ.

ಉತ್ತರ: ಒರೆಗಲ್ಲು

ತಿದ್ದುಪಡಿಯನ್ನು ಒಪ್ಪುತ್ತೇನೆ. ‘ಸಾಮಾನ್ಯವಾಗಿ’ ಎಂದು ಬರೆದು ಮುಂದೆ ಹೋದೆ, ಬಿಡಿಸಿ ಹೇಳಬೇಕಿತ್ತು. ಜೊತೆಗೆ ಒಂದು ಮಾತು: ಗಾಜು, ಮರ, ಕಾಗದಗಳ ಕರಗುವ ಬಿಂದು ಎಷ್ಟು ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಗಾಜಿನಲ್ಲಿ ಕಳೆದುಕೊಳ್ಳಲು ಸಾಲುಗಟ್ಟಿದ ಜೋಡಣೆಯೇ ಇಲ್ಲ, ಆದ್ದರಿಂದ ಅದು ಮೆಲ್ಲಮೆಲ್ಲನೆ ಮೆತ್ತಗಾಗುತ್ತದೆ ಹೊರತು ಒಂದು ಬಿಂದುವಿನಲ್ಲಿ ಕರಗುವುದಿಲ್ಲ. ಮರ ಮತ್ತು ಕಾಗದಗಳ ಅಣುಗಳು ಬಹಳ ಉದ್ದವಾಗಿದ್ದು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಅವು ಸಡಿಲಗೊಂಡು ಹರಿಯುವ ತಾಪ ಬರುವ ಮೊದಲೇ ಅಣುವಿನೊಳಗಿನ ಬಂಧಗಳು ಮುರಿದು ವಸ್ತುವೇ ಬೇರೆಯಾಗುತ್ತದೆ.

ಪ್ರತಿಕ್ರಿಯೆ: ಹರಳುನೋಟ

ಮೂವರಿಗೂ ನಾನು ಋಣಿ. ಹರಳುಗಳನ್ನು ಒಂದು ರಾತ್ರಿ ತೆಳುವಾಗಿ ಹರಡಿ, ಮರುದಿನವೆಲ್ಲ ಡೆಸಿಕೇಟರ್‌ನಲ್ಲಿಟ್ಟು, ಇಂದು ಮತ್ತೆ ನೋಡಿದೆ. ಪಟ್ಟಿ ತಂದಿದ್ದ ವಿದ್ಯಾರ್ಥಿನಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ಒಂದೇ ಥರ್ಮಾಮೀಟರ್‌ಗೆ ಮೂರು ಟ್ಯೂಬುಗಳನ್ನು ಕಟ್ಟಿದೆವು: ಒಂದರಲ್ಲಿ ನನ್ನ ಹರಳು, ಇನ್ನೊಂದರಲ್ಲಿ ಶುದ್ಧವೆಂದು ಗೊತ್ತಿದ್ದ ಬೆಂಜೋಯಿಕ್ ಆಮ್ಲ, ನಡುವಿನದರಲ್ಲಿ ಎರಡನ್ನೂ ಅರೆದು ಬೆರೆಸಿದ್ದು. ಹನ್ನೆರಡು ನಿಮಿಷ ಯಾರೂ ಮಾತಾಡಲಿಲ್ಲ. 120 ದಾಟಿದ ಮೇಲೆ ಮೂರರಲ್ಲೂ ಪುಡಿ ಗೋಡೆಯಿಂದ ಸರಿದು ಮುದುಡಿಕೊಂಡಿತು. 121.5ಕ್ಕೆ ಮೊದಲ ಹನಿ ಕಂಡಿತು, 122.3ಕ್ಕೆ ಮೂರೂ ಟ್ಯೂಬುಗಳಲ್ಲಿ ಕೊನೆಯ ಹರಳು ಒಟ್ಟಿಗೇ ಮರೆಯಾಯಿತು.